ಅವ್ವನ ಮೊದಲ ಪಾಪ

ಹಾನಗಲ್ಲಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಒಬ್ಬ ನಿವೃತ್ತ ನರ್ಸಬಾಯಿ. ಗದಗಿನ ಕಡೆಯ ಹಳೆಯ ಕ್ರೈಸ್ತ ಮನೆತನದವರು. ಈ ಸೀಮೆಯ ಸರಕಾರಿ ದವಾಖಾನೆಗಳಲ್ಲಿ ಬದುಕೆಲ್ಲ ದುಡಿದು, ಗಂಡ ತೀರಿಕೊಂಡ ಮೇಲೆ ಇಲ್ಲೇ ಉಳಿದರು. ಕೆಳಗೆ ಅವರು, ಮೇಲೆ ನಾನು. ನಾನು ಊರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿ ರವಿವಾರ ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಪ್ರಾರ್ಥನೆ ಮಾಡುತ್ತಾರೆ, ಹಾಡುತ್ತಾರೆ, ಆಮೇಲೆ ಉಪ್ಪಿಟ್ಟು ತಿನ್ನುತ್ತಾರೆ. ಒಂದು ತಾಟು ಉಪ್ಪಿಟ್ಟು ಮೇಲೆ ನನಗೂ ಬರುತ್ತದೆ. ಇಷ್ಟು ವರ್ಷಗಳಲ್ಲಿ ಅವರು ತಮ್ಮ ಧರ್ಮದ ಬಗ್ಗೆ ನನಗೆ ಏನೂ ಹೇಳಿದವರಲ್ಲ, ನಾನು ಕೇಳಿದವಳೂ ಅಲ್ಲ. ನೀರಿನ ಮೋಟರು, ಹಾಲಿನವನು, ನನ್ನ ಬಿ.ಪಿ., ಇಷ್ಟರಲ್ಲೇ ನಮ್ಮ ಮಾತು ಮುಗಿಯುತ್ತಿತ್ತು.

ಕೇಳಿದವಳು ನಮ್ಮವ್ವ.

ಅವ್ವ ಚಿಕ್ಕೇರೂರಿನಲ್ಲಿ ನಮ್ಮಣ್ಣನ ಮನೆಯಲ್ಲಿರುತ್ತಾಳೆ. ಎಪ್ಪತ್ತು ದಾಟಿದೆ. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಸುಳ್ಳು ಹೇಳದವಳೆಂದು ಹಿರೇಕೆರೂರು ತಾಲೂಕಿನ ಅರ್ಧಕ್ಕೆ ಅವಳ ಗುರುತಿದೆ. ಹೊರಗಿನವರಿಗೆ ಇದು ದೊಡ್ಡ ಗುಣ, ಮನೆಯವರಿಗೆ ದೊಡ್ಡ ತಲೆನೋವು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಎಮ್ಮೆ ಮಾರುವ ದಿನ ಏನಾದರೂ ನೆಪ ತೆಗೆದು ಅವ್ವನನ್ನು ತವರಿಗೆ ಕಳಿಸುತ್ತಿದ್ದರು. ಒಮ್ಮೆ ಕಳಿಸುವುದನ್ನು ಮರೆತರು. ಕೊಳ್ಳಲು ಬಂದವನು ಹಿತ್ತಲಲ್ಲಿ ಎಮ್ಮೆಯ ಬೆನ್ನು ಸವರುತ್ತ ನಿಂತಿದ್ದ. ಕಟ್ಟಿಗೆ ತರಲು ಹೋದ ಅವ್ವ, "ಹಿಂದ ನಿಂದರಬ್ಯಾಡ್ರಿ, ಒದೀತೈತಿ. ಹೋದ ವಾರ ನಮ್ಮ ಮೈದುನನ ಮೊಣಕಾಲು ಕುಂಬಳಕಾಯಿ ಆಗಿತ್ತು" ಎಂದು ಹೇಳಿ, ಕಟ್ಟಿಗೆ ಎತ್ತಿಕೊಂಡು ಒಳಗೆ ಬಂದಳು. ಆ ಎಮ್ಮೆ ನಮ್ಮ ಮನೆಯಲ್ಲೇ ಮುದಿಯಾಗಿ ಸತ್ತಿತು.

ಇಂಥ ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಹುಬ್ಬಳ್ಳಿಯಲ್ಲಿ ಮೊದಲು ಒಂದು ಕಣ್ಣಿನ ಆಪರೇಷನ್ ಮಾಡಿಸಿ ಹಾನಗಲ್ಲಿಗೆ ಕರೆತಂದೆ. ಮೆಟ್ಟಿಲು ಹತ್ತಬಾರದು, ಬಗ್ಗಬಾರದು, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಶಾಲೆಗೆ ಹೋಗುವವಳು. "ನನ್ನ ಪಡಸಾಲ್ಯಾಗ ಇರಲಿ ಬಿಡ್ರಿ, ನಾ ಔಷಧ ಬಿಡ್ತೇನಿ" ಎಂದರು ನರ್ಸಬಾಯಿ. ಅವ್ವನ ಪೂಜೆಗೆಂದು ತಮ್ಮ ಸಣ್ಣ ಮೇಜನ್ನು ತೆರವು ಮಾಡಿಕೊಟ್ಟರು. ಗೋಡೆಯ ಮೇಲೆ ಅವರ ಶಿಲುಬೆ, ಅದರ ಕೆಳಗೆ ಅವ್ವನ ವಿಭೂತಿಯ ಉಂಡೆ. ಇಬ್ಬರಿಗೂ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಮೊದಲ ರವಿವಾರ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯ ಮಂಚದ ಮೇಲೆ ಮಲಗಿದ್ದಳು. ಮಂದಿ ಬಂದು ಕುಳಿತರು. ಹಾಡಿದರು. ಆಮೇಲೆ ನರ್ಸಬಾಯಿ ನಾಲ್ಕು ಮಾತು ಹೇಳಿದರು: ಮನುಷ್ಯರಾಗಿ ಹುಟ್ಟಿದವರೆಲ್ಲ ಪಾಪಿಗಳು, ದೇವರ ಮುಂದೆ ನಾನು ಒಳ್ಳೆಯವಳು ಎಂದು ನಿಲ್ಲಬಲ್ಲವರು ಒಬ್ಬರೂ ಇಲ್ಲ. ಉಪ್ಪಿಟ್ಟಿನ ಪಾತ್ರೆ ಇಳಿಸಲು ಅವರಿಗೆ ನೆರವಾಗೋಣವೆಂದು ನಾನು ಕೆಳಗಿಳಿದು ಬರುವುದಕ್ಕೂ ಅವ್ವ ಮಂಚದ ಮೇಲೆ ಎದ್ದು ಕೂರುವುದಕ್ಕೂ ಸರಿಯಾಯಿತು.

"ಎಲ್ಲಾರೂ ಅಂದ್ರ ಯಾರ್ಯಾರು?" ಎಂದಳು ಅವ್ವ.

ಹಾಡಿನ ಪುಸ್ತಕ ತೆರೆಯುತ್ತಿದ್ದ ಕೈಗಳೆಲ್ಲ ಹಾಗೇ ನಿಂತವು.

"ಎಲ್ಲಾರೂ ಅಂದ್ರ ಎಲ್ಲಾರೂರಿ, ಅಕ್ಕಾರ," ಎಂದರು ನರ್ಸಬಾಯಿ.

"ನಾನೂ ಏನು?"

"ನೀವೂ."

"ನೀವು ನನ್ನ ನೋಡಿ ಎಂಟು ದಿನಾ ಆತು. ನನ್ನ ಪಾಪ ನಿಮಗ ಹೆಂಗ ಗೊತ್ತಾತು?"

"ನಿಮ್ಮದು ನನಗ ಗೊತ್ತಿಲ್ರಿ. ನಂದು ನನಗ ಗೊತ್ತೈತಿ. ಅದರ ಮ್ಯಾಲಿಂದ ಹೇಳಿದೆ."

ಅವ್ವ ಮತ್ತೆ ಮಲಗಿದಳು. ಆದರೆ ಉಪ್ಪಿಟ್ಟು ಮುಟ್ಟಲಿಲ್ಲ. ಸಂಜೆ ನನ್ನ ಕೈ ಹಿಡಿದು, "ಪಾಪ, ಆಕಿ ಮನಸು ಚೊಲೊ ಐತಿ. ಆದ್ರ ನನಗ ಪಾಪಿ ಅಂದ್ಲು" ಎಂದಳು. ಮರುಗುವುದಕ್ಕೂ ತಪ್ಪು ಹೊರಿಸುವುದಕ್ಕೂ ಕನ್ನಡದಲ್ಲಿ ಪಾಪ ಎಂಬ ಒಂದೇ ಶಬ್ದ ಸಾಕಾಗುತ್ತದೆ ಎಂಬುದು, ಇಷ್ಟು ವರ್ಷ ಕನ್ನಡ ಕಲಿಸಿಯೂ, ನನಗೆ ಅಂದೇ ಹೊಳೆದದ್ದು.

ಅಲ್ಲಿಂದ ವಾದ ಶುರುವಾಯಿತು. ಅದಕ್ಕೊಂದು ಕ್ರಮವಿತ್ತು. ನರ್ಸಬಾಯಿ ಅವ್ವನ ಗದ್ದ ಎತ್ತಿ, ಮೇಲೆ ನೋಡಿ ಎಂದು ಹೇಳಿ, ಒಂದು ಹನಿ ಬಿಡುತ್ತಿದ್ದರು. ಹನಿ ಬಿದ್ದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಅಲ್ಲಾಡದೆ ಮಲಗಬೇಕು, ಮಾತೂ ಬೇಡ. ಆ ಐದು ನಿಮಿಷ ನರ್ಸಬಾಯಿಯದು. ಅವ್ವ ಉತ್ತರ ಕೊಡಬೇಕೆಂದರೆ ಕಣ್ಣು ತೆರೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ನರ್ಸಬಾಯಿ ಒಗೆಯಲು ಹೋಗಿರುತ್ತಿದ್ದರು. ಹೀಗಾಗಿ ಮಧ್ಯಾಹ್ನದ ಮಾತಿಗೆ ಉತ್ತರ ಸಂಜೆಗೆ ಸಿಗುತ್ತಿತ್ತು.

"ನಾವು ಎಷ್ಟ ಚೊಲೊ ಮಾಡಿದ್ರೂ ಅದು ಅಲ್ಲಿತನಾ ಮುಟ್ಟಂಗಿಲ್ರಿ," ಎನ್ನುತ್ತಿದ್ದರು ನರ್ಸಬಾಯಿ. "ನಮ್ಮ ಪಾಪ ಯೇಸುಸ್ವಾಮಿ ತನ್ನ ಮ್ಯಾಲೆ ಹೊತ್ತಾನ. ಅದನ್ನ ನಂಬೂದು ಅಷ್ಟಽ ನಮ್ಮ ಕೆಲಸ. ದೇವರು ಸುಮ್ಮನ ಕೊಡ್ತಾನ, ನಾವು ಇಸ್ಕೋಬೇಕು."

"ಹಂಗಾದ್ರ ನಾ ಇಷ್ಟ ವರ್ಷ ನಸಕಿನ್ಯಾಗ ಎದ್ದು ತಣ್ಣೀರ ಜಳಕ ಮಾಡಿದ್ದು?"

"ಮೈಗೆ ಚೊಲೊರಿ. ರಕ್ತ ಓಡತೈತಿ."

"ಬಂದವರಿಗೆಲ್ಲ ಊಟಕ್ಕ ಹಾಕಿದ್ದು?"

"ಅವರ ಹೊಟ್ಟಿ ತುಂಬೈತಲ್ರಿ. ಅದನ್ನ ದೇವರ ಮುಂದ ಯಾಕ ತೋರಸ್ತೀರಿ?"

ಅವ್ವ ಇದಕ್ಕೆ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಔಷಧಕ್ಕೆ ಗದ್ದ ಎತ್ತುವ ಮೊದಲೇ, "ಸುಮ್ಮನ ಕೊಟ್ಟಿದ್ದು ಯಾವತ್ತೂ ಚೊಲೊ ಇರಂಗಿಲ್ಲ, ಬಾಯಾರ" ಎಂದಳು. ನಮ್ಮ ಮನೆಯಲ್ಲಿ ಪುಕ್ಕಟೆ ಬಂದ ಯಾವ ವಸ್ತುವನ್ನೂ ಅವ್ವ ಬಳಸಿದ್ದಿಲ್ಲ. ಮಿಕ್ಸರ್ ಜೊತೆ ಬಂದ ಡಬ್ಬಿ ಇನ್ನೂ ಅಟ್ಟದ ಮೇಲಿದೆ.

ಮೂರು ವಾರ ಕಳೆದ ಮೇಲೆ ಅವ್ವ ದಾರಿ ಬದಲಿಸಿದಳು. ತನ್ನನ್ನು ತಾನೇ ಪಾಪವಿಲ್ಲದವಳು ಎಂದು ಹೇಳಿಕೊಳ್ಳುವುದು ಸೊಕ್ಕಿನ ಮಾತಾಗುತ್ತದೆ ಎಂದು ಅವಳಿಗೇ ಅನಿಸಿರಬೇಕು. "ನಾ ಬ್ಯಾಡ ಬಿಡ್ರಿ. ದುಂಡಸಿಯಾಗ ನಮ್ಮಕ್ಕ ಅದಾಳ. ಆಕಿನ್ನ ನೋಡಿ ಬಂದು ಆಮ್ಯಾಲೆ ಎಲ್ಲಾರೂ ಅನ್ರಿ," ಎಂದಳು. ಅವಳಿಗಿಂತ ಮೂರು ವರ್ಷ ದೊಡ್ಡವಳು ನಮ್ಮ ದೊಡ್ಡವ್ವ. ತಾಯಿ ಬೇಗ ಸತ್ತಿದ್ದರಿಂದ ಅವ್ವನನ್ನು ಎತ್ತಿ ಆಡಿಸಿದವಳು. ಅವಳ ಬಗ್ಗೆ ಅವ್ವನ ಬಾಯಲ್ಲಿ ಒಂದೇ ಒಂದು ಕೊಂಕು ಮಾತನ್ನು ನಾವು ಕೇಳಿರಲಿಲ್ಲ. ನರ್ಸಬಾಯಿ, "ನೋಡೋಣು ನಡೀರಿ" ಎಂದರು. ಅವರಿಗೂ ಊರು ತಿರುಗುವ ಆಸೆ ಇತ್ತೆಂದು ನನ್ನ ಗುಮಾನಿ.

ರಜೆಯ ದಿನ ಮೂವರೂ ಶಿಗ್ಗಾಂವಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕಂಡಕ್ಟರ್ ಅವ್ವನ ಆಧಾರ್ ಕಾರ್ಡು ನೋಡಿ ಟಿಕೆಟ್ಟು ಹರಿದು ಕೊಟ್ಟ. ನರ್ಸಬಾಯಿ ಬಿಡಲಿಲ್ಲ.

"ಅಕ್ಕಾರ, ಈ ಟಿಕೀಟಿಗೆ ನೀವು ಏನು ಕೊಟ್ಟ್ರಿ?"

"ಏನೂ ಇಲ್ಲ."

"ಅಂದ್ರೂ ಬಸ್ಸು ಪುಕ್ಕಟೆ ಓಡಂಗಿಲ್ಲಲ್ರಿ. ನಿಮ್ಮ ಸಲುವಾಗಿ ಬ್ಯಾರೆದವರು ತುಂಬ್ಯಾರ. ನೀವು ಕೈ ಚಾಚಿ ಇಸ್ಕೊಂಡ್ರಿ. ನಾ ದಿನಾ ಹೇಳೂದೂ ಅದಽ."

"ಕಾರ್ಡ ತೋರಸೇನಲ್ಲ?"

"ಆ ಕಾರ್ಡಽ ನಂಬಿಕಿ ಅನ್ಕೋರ್ರಿ."

ಅವ್ವ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಹಳ ಹೊತ್ತಿನ ಮೇಲೆ, ಬಂಕಾಪುರ ಹತ್ತಿರ ಬಂದಾಗ, "ಈ ಗಂಡಸರು ಪಾಪ ರೊಕ್ಕಾ ಕೊಟ್ಟೂ ನಿಂತಾರ ನೋಡ್ರಿ. ಅವರದೇನು ತಪ್ಪು?" ಎಂದಳು.

"ದೇವರ ಬಸ್ಸಿನ್ಯಾಗ ಗಂಡಸರಿಗೂ ಪುಕ್ಕಟೆರಿ," ಎಂದರು ನರ್ಸಬಾಯಿ. ಕಂಬಿ ಹಿಡಿದು ನಿಂತಿದ್ದ ಒಬ್ಬ ಮುದುಕ, "ಯಾವಾಗಿಂದ್ರಿ?" ಎಂದು ಕೇಳಿದ.

ದೊಡ್ಡವ್ವ ದುಂಡಸಿಯ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ನಮ್ಮನ್ನು ನೋಡಿ ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ನೀರು ಕುಡಿದದ್ದಾಯಿತು, ಕಣ್ಣಿನ ಸುದ್ದಿ ಆಯಿತು. ಅವ್ವ ಗಂಟಲು ಸರಿಮಾಡಿಕೊಂಡಳು.

"ಅಕ್ಕಾ, ಈ ಬಾಯಾರು ಭೂಮಿ ಮ್ಯಾಲಿನ ಮಂದಿ ಎಲ್ಲಾರೂ ಪಾಪ ಮಾಡ್ಯಾರ ಅಂತಾರ. ನೀ ಏನರ ಮಾಡೀಯೇನು? ಹೇಳು."

ದೊಡ್ಡವ್ವ ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡಳು. "ಸಣ್ಣದು ಹೇಳಲೋ ದೊಡ್ಡದು ಹೇಳಲೋ?"

ಅವ್ವ ನಕ್ಕಳು. "ದೊಡ್ಡದಽ ಹೇಳು."

"ದೊಡ್ಡದು ನಿಂದಽ ಐತಿ."

ಅವ್ವನ ನಗು ಅರ್ಧಕ್ಕೆ ನಿಂತಿತು.

"ನಮ್ಮ ಮನಿಗೆ ಈ ದುಂಡಸಿಯವರು ಹೆಣ್ಣ ನೋಡಾಕ ಬಂದಿದ್ರಲ್ಲ, ನೆನಪೈತಿ? ನೋಡಾಕ ಬಂದಿದ್ದು ನನ್ನ. ನೀ ನೀರಿನ ತಂಬಗಿ ತಂದಿ. ಅವರ ಕಣ್ಣು ನಿನ್ನ ಮ್ಯಾಲೆ ಬಿತ್ತು. ಅವರವರು ಗುಸುಗುಸು ಮಾತಾಡೂದು ನಾ ಕೇಳಿದೆ. ಆಮ್ಯಾಲೆ ನಮ್ಮತ್ತಿ ಕೈ ತೊಳಕೊಳ್ಳಾಕ ಹಿತ್ತಲಕ ಬಂದ್ಲು. ನಾ ಹೋಗಿ ಸುಳ್ಳ ಹೇಳಿದೆ, ಸಣ್ಣಾಕಿ ಚೊಲೊ ಅದಾಳ್ರಿ, ಆದ್ರ ನಿದ್ದಿಗಣ್ಣಾಗ ಎದ್ದು ಅಡ್ಡಾಡತಾಳ, ಒಮ್ಮಿ ಬಾವಿತನಾ ಹೋಗಿದ್ಲು ಅಂತ."

ಅವ್ವ ತನ್ನ ಕಾಲು ನೋಡಿಕೊಂಡಳು.

"ಅದಕ್ಕಽ ಏನು, ಅಪ್ಪ ನನ್ನ ಕಾಲಿಗೆ ಗಂಟಿ ಕಟ್ಟತಿದ್ದಿದ್ದು?" ಎಂದಳು ಅವ್ವ.

"ಹೂಂ. ಆ ಮಾತು ತಿರಗ್ಯಾಡಿ ಅಪ್ಪನ ಕಿವಿಗೆ ಬಿತ್ತು. ನಾ ಸುಮ್ಮನಿದ್ದೆ."

ಆ ಗಂಟೆಯ ಕತೆ ನಮಗೆಲ್ಲ ಗೊತ್ತಿತ್ತು. ಮದುವೆಯಾಗುವವರೆಗೂ ರಾತ್ರಿ ಮಲಗುವಾಗ ಅಪ್ಪ ಕರುವಿನ ಗಂಟೆಯನ್ನು ತನ್ನ ಕಾಲಿಗೆ ಕಟ್ಟುತ್ತಿದ್ದ, ತನ್ನ ಮೇಲೆ ಅವನಿಗೆ ಅಷ್ಟು ಜೀವ ಎಂದು ಅವ್ವ ನಮಗೆ ಹೇಳಿಕೊಂಡು ಬಂದಿದ್ದಳು. ಹೇಳುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು ಕೂಡ.

ಅವ್ವ ಊಟಕ್ಕೆ ನಿಲ್ಲಲಿಲ್ಲ. ಮರಳುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಒಂದೇ ಕಣ್ಣು ಸರಿಯಿತ್ತು. ಅದರಲ್ಲೇ ದುಂಡಸಿಯ ಹೊಲಗಳನ್ನೆಲ್ಲ ನೋಡಿಕೊಂಡಳು.

"ಆ ಮನಿ ನಂದು," ಎಂದಳು.

"ಹಂಗಾಗಿದ್ರ ನಾ ಹುಟ್ಟತಿದ್ದಿಲ್ಲಲ್ಲ, ಅವ್ವಾ," ಎಂದೆ.

ಅವಳು ಇದನ್ನು ನಿಜವಾಗಿಯೂ ವಿಚಾರ ಮಾಡಿದಳು. "ನೀ ಹುಟ್ಟತಿದ್ದಿಲ್ಲ. ಬ್ಯಾರೆ ಯಾರರ ಹುಟ್ಟತಿದ್ರು," ಎಂದಳು.

ವಾದದಲ್ಲಿ ತಾನು ಗೆದ್ದೆನೆಂದು ನರ್ಸಬಾಯಿ ಒಮ್ಮೆಯೂ ತೋರಿಸಿಕೊಳ್ಳಲಿಲ್ಲ. ಮರುದಿನ ಔಷಧ ಬಿಟ್ಟು, "ಅಕ್ಕಾರ, ನಿಮ್ಮಕ್ಕ ತಾನಾಗಿ ಹೇಳ್ಯಾಳ. ಬಿಟ್ಟು ಬಿಡ್ರಿ" ಎಂದರಷ್ಟೇ. ಅವ್ವ ಐದು ನಿಮಿಷ ಕಾಯಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಪಾಪ ಮಾಡಿದಾಕಿ ಆಕಿ. ಬಿಡೂ ಕೆಲಸ ನನಗ ಯಾಕ ಹಚ್ತೀರಿ?" ಎಂದಳು. ದೊಡ್ಡವ್ವನ ಫೋನು ಬಂದರೆ ಎತ್ತಲಿಲ್ಲ. ಎರಡನೆಯ ಕಣ್ಣಿನ ಆಪರೇಷನ್ ಆಯಿತು. ದೊಡ್ಡವ್ವ ಮೊಮ್ಮಗನ ಕೈಯಲ್ಲಿ ಶೇಂಗಾ ಉಂಡೆ ಕಳಿಸಿದಳು. ಅವ್ವ ಅದನ್ನು ರವಿವಾರದ ಪ್ರಾರ್ಥನೆಗೆ ಬಂದವರಿಗೆ ಹಂಚಿದಳು. ಅವರು ಬಹಳ ಚೆನ್ನಾಗಿದೆ ಎಂದರು. ಅದೂ ಅವಳಿಗೆ ಸೇರಲಿಲ್ಲ.

ಎರಡು ತಿಂಗಳಾಗಿರಬಹುದು. ದೊಡ್ಡವ್ವನ ಮೊಮ್ಮಗಳಿಗೆ ಸವಣೂರಿನ ಒಂದು ಮನೆಯಿಂದ ನೆಂಟಸ್ತನ ಬಂದಿತ್ತು. ಹುಡುಗಿ ಬಿ.ಕಾಂ. ಮುಗಿಸಿ ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ನಮ್ಮ ಕಡೆ ಮಾತು ಮುಂದುವರಿಸುವ ಮೊದಲು ನಾಲ್ಕು ಕಡೆ ವಿಚಾರಿಸುವುದು ರೂಢಿ. ಒಂದು ಮಧ್ಯಾಹ್ನ ವರನ ತಾಯಿ ತನ್ನ ಅಣ್ಣನನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದಳು. ನರ್ಸಬಾಯಿ ಗದಗಿಗೆ ಹೋಗಿದ್ದರು. ನಾನು ಅವರ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟೆ.

"ಚಿಕ್ಕೇರೂರಾಗ ನಮ್ಮ ಬೀಗರು ಅದಾರ್ರಿ," ಎನ್ನುತ್ತಿದ್ದಳು ಆ ಹೆಂಗಸು. "ಯಾರನ್ನ ಕೇಳಿದ್ರೂ ಅಷ್ಟಽ, ಈ ಅಕ್ಕಾರನ್ನ ಕೇಳ್ರಿ, ಇವರ ಬಾಯಾಗ ಸುಳ್ಳ ಬರಂಗಿಲ್ಲ ಅಂದ್ರು. ಹುಡುಗಿ ಹೆಂಗ್ರಿ?"

"ಹುಡುಗಿ ಬಂಗಾರರಿ," ಎಂದಳು ಅವ್ವ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಟ್ರೇ ಹಿಡಿದು ಬಾಗಿಲಿಗೆ ಬಂದಾಗ ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. "ನಿದ್ದಿಗಣ್ಣಾಗ ಎದ್ದು ಅಡ್ಡಾಡತಾಳ ಅಂತಾರ. ನಾ ಏನು ಕಣ್ಣಲೆ ನೋಡಿಲ್ರಿ. ನನ್ನ ಕಣ್ಣಿಗೆ ಪೊರಿ ಬಂದಿತ್ತು."

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಇದು ಸುಳ್ಳು ಎಂದು ಹೇಳಲು ಒಂದು ಕ್ಷಣ ಸಾಕಿತ್ತು. ಅವ್ವನ ಮಾನ ಹೋಗುತ್ತದೆಂದು ಸುಮ್ಮನಾದೆನೋ, ಎಪ್ಪತ್ತು ವರ್ಷದ ಮೇಲೆ ಅವಳು ಹೇಳಿದ ಮೊದಲ ಸುಳ್ಳನ್ನು ಕೇಳಿ ನಾಲಿಗೆ ಏಳಲಿಲ್ಲವೋ, ಈಗಲೂ ಗೊತ್ತಿಲ್ಲ. ನಾನು ಬಾಯಿ ತೆರೆದದ್ದು ಒಂದೇ ಮಾತಿಗೆ: "ಸಕ್ಕರಿ ಸಾಕೇನ್ರಿ?"

ಅವರು ಹೋದರು. ಅವ್ವ ಚಹಾದ ಕಪ್ಪು-ಬಸಿಗಳನ್ನು ಎರಡು ಸಲ ತೊಳೆದಳು. ಮರುದಿನ ಸೋಮವಾರ ಉಪವಾಸ ಎಂದಳು. ಮಂಗಳವಾರವೂ ಉಪವಾಸ. ಬುಧವಾರ ತನ್ನ ಹೊಸ ಇಳಕಲ್ ಸೀರೆಯನ್ನು ಓಣಿ ಕಸ ಹೊಡೆಯುವವಳಿಗೆ ಕೊಟ್ಟಳು. ಗುರುವಾರ ನರ್ಸಬಾಯಿ ಗದಗಿನಿಂದ ಬಂದು ಅವಳ ನಾಡಿ ಹಿಡಿದು, "ಏನಾತ್ರಿ ಅಕ್ಕಾರ?" ಎಂದರು.

"ಬಾಯಾರ, ಒಂದು ಸಿಕ್ಕೈತಿ."

"ಏನು?"

"ನೀವು ಹುಡುಕಾಕತ್ತಿದ್ದು."

ನರ್ಸಬಾಯಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದರು. ಅವ್ವ ಕೊನೆಗೆ, "ಎಷ್ಟ ಉಪಾಸ ಮಾಡಿದ್ರ ಹೋಗತೈತಿ?" ಎಂದು ಕೇಳಿದಳು, ದವಾಖಾನೆಯಲ್ಲಿ ಗುಳಿಗೆ ಎಷ್ಟು ದಿನ ಎಂದು ಕೇಳುವ ಹಾಗೆ.

"ಉಪಾಸಕ್ಕ ಹೋಗಂಗಿಲ್ರಿ. ಸೀರಿ ಕೊಟ್ರೂ ಹೋಗಂಗಿಲ್ಲ. ಪಾಪ ತೊಳಿಯೂದು ದೇವರ ಕೆಲಸ, ಅದನ್ನ ಅವನಿಗೆ ಬಿಡ್ರಿ. ಆ ಹುಡುಗಿ ಮದವಿ ಕೆಡಬಾರದು, ಅದು ನಿಮ್ಮ ಕೆಲಸ. ಮೊದ್ಲ ಊಟಾ ಮಾಡ್ರಿ, ನಾಳೆ ಸವಣೂರಿಗೆ ಹೋಗೋಣು."

ನಾನು ಶಾಲೆಗೆ ರಜೆ ಹಾಕಿದೆ. ಸವಣೂರಿನ ಆ ಮನೆಯಲ್ಲಿ ನಮ್ಮನ್ನು ನೋಡಿ ವರನ ತಾಯಿಗೆ ಆಶ್ಚರ್ಯವಾಯಿತು. ಕೂರಿ ಎಂದರೂ ಅವ್ವ ಕೂರಲಿಲ್ಲ.

"ಅವತ್ತ ನಾ ಹೇಳಿದ್ದು ಸುಳ್ಳರಿ. ಹುಡುಗಿ ನಿದ್ದ್ಯಾಗ ಅಡ್ಡಾಡಂಗಿಲ್ಲ."

ಆ ಹೆಂಗಸು ಹಣೆ ಉಜ್ಜಿಕೊಂಡಳು. "ನಮ್ಮಣ್ಣ ನಾಳೆ ದುಂಡಸಿಗೆ ಹೋಗಿ ಬ್ಯಾಡಂತ ಹೇಳಿ ಬರಾವ ಇದ್ದ. ಈಗ ನೀವು ಹಿಂಗಂತೀರಿ. ನೀವು ಸುಳ್ಳ ಹೇಳಂಗಿಲ್ಲ ಅಂತ ನಂಬಿ ನಿಮ್ಮನ್ನ ಕೇಳಿದ್ವಿ. ಹಂಗಾರ ಅವತ್ತ ಹೇಳಿದ್ದು ಖರೆ. ಅದು ಖರೆ ಅಂದ್ರ ಇವತ್ತ ಹೇಳಾಕತ್ತಿದ್ದು ಸುಳ್ಳು. ನೀವು ಸುಳ್ಳ ಹೇಳಂಗಿಲ್ಲಲ್ರಿ. ನಾ ಯಾವುದು ನಂಬ್ಲಿ?"

ಬದುಕಿಡೀ ಅವ್ವನ ಮಾತಿಗೆ ಅವಳ ಮಾತೇ ಸಾಕ್ಷಿ. ಈಗ ಅದು ಕೈ ಬಿಟ್ಟಿತ್ತು. ಅವಳು ನರ್ಸಬಾಯಿಯ ಕಡೆ ತಿರುಗಿದಳು.

"ಸುಳ್ಳ ಹೇಳೀನಿ ಅಂತ ಸುಳ್ಳ ಹೇಳಾಕ ಯಾರೂ ಎರಡು ಬಸ್ಸು ಬದಲಿಸಿ ಬರಂಗಿಲ್ರಿ," ಎಂದರು ನರ್ಸಬಾಯಿ.

"ಅದೂ ಖರೆ," ಎಂದಳು ಆ ಹೆಂಗಸು. "ಯಾಕ ಹೇಳಿದ್ರಿ ಮತ್ತ?"

ಆಗ ಅವ್ವ ಕೂತಳು. ನೀರಿನ ತಂಬಿಗೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ವರನ ತಾಯಿ ಮೊದಲು ತುಟಿ ಬಿಗಿಹಿಡಿದು ಕೇಳಿದಳು. ಕರುವಿನ ಗಂಟೆ ಬಂದಾಗ ಸೆರಗು ಬಾಯಿಗೆ ಹೋಯಿತು. ಒಳಗಿದ್ದ ಅಣ್ಣನನ್ನು ಕರೆಸಿ ಗಂಟೆಯ ಭಾಗವನ್ನು ಅವ್ವನಿಂದ ಮತ್ತೊಮ್ಮೆ ಹೇಳಿಸಿದಳು. ನಕ್ಕು ಮುಗಿಸಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಕ್ಕಾರ, ನಮ್ಮ ಹುಡುಗಗ ಇಪ್ಪತ್ತೊಂಬತ್ತು ಅಂತ ಹೇಳಿದ್ವಲ್ಲ."

"ಹೂಂ."

"ಮೂವತ್ತ್ಮೂರು."

ಅಣ್ಣ ತಂಗಿಯನ್ನು ದುರುಗುಟ್ಟಿ ನೋಡಿದ. ಅವನದೇನಾದರೂ ಹೊರಬರುತ್ತದೋ ಎಂದು ನಾವು ಕಾದೆವು. ಅವನು ಎದ್ದು ಹೊರಗೆ ಹೋದ. ನರ್ಸಬಾಯಿ ಮಾತ್ರ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಎಲ್ಲರೂ ಅಂದರೆ ಎಲ್ಲರೂ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವರು ಹೇಳಲಿಲ್ಲ. ಅವರ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧಪಾಲು ಆ ಮೌನದ್ದು.

ವಯಸ್ಸಿನ ಮಾತನ್ನು ಅವರೇ ಹೇಳಬೇಕೆಂದು ಅವ್ವ ಹಟ ಹಿಡಿದಳು. ಆ ಹೆಂಗಸು ಅಲ್ಲೇ ದುಂಡಸಿಗೆ ಫೋನು ಹಚ್ಚಿದಳು. ಹುಡುಗಿಗೆ ಮೊದಲೇ ಗೊತ್ತಿತ್ತಂತೆ. ವರನ ಹತ್ತನೆಯ ಇಯತ್ತೆಯ ಗುಂಪು ಫೋಟೋವನ್ನು ಅವಳು ಯಾವಾಗಲೋ ಮೊಬೈಲಿನಲ್ಲಿ ಹುಡುಕಿ ನೋಡಿ, ವರ್ಷ ಎಣಿಸಿ, ಸುಮ್ಮನಿದ್ದಳು. ಹೊರಡುವಾಗ ವರನ ತಾಯಿ ನಮ್ಮ ಕೈಗೆ ಎರಡು ಪೊಟ್ಟಣ ಸವಣೂರಿನ ಕುರುಕಲು ಖಾರ ಕೊಟ್ಟಳು.

ಇನ್ನೊಂದು ಉಳಿದಿತ್ತು. ಅದೇ ದಿನ ಶಿಗ್ಗಾಂವಿ ದಾಟಿ ದುಂಡಸಿಗೆ ಹೋದೆವು. ದೊಡ್ಡವ್ವ ಒಲೆಯ ಮುಂದಿದ್ದಳು, ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಒಳಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದಳು.

ದೊಡ್ಡವ್ವ ಕೇಳಿದಳು. "ಅದಽ ಮಾತು ಹೇಳಿದೇನು? ಬ್ಯಾರೆ ಯಾವುದೂ ಸಿಗಲಿಲ್ಲೇನು?"

"ಸಿಗಲಿಲ್ಲ."

"ಹೋಗ್ಲಿ ಬಿಡು. ಕೈ ತೊಳಕೋ, ಊಟಾ ಮಾಡು."

ಅವ್ವ ಕದಲಲಿಲ್ಲ. "ಇಷ್ಟಽ ಏನು?"

"ಮತ್ತೇನು?"

"ನಾಕ ಮಾತು ಬೈ. ಇಲ್ಲಾ ಏನರ ಮಾಡಾಕ ಹಚ್ಚು. ನಿನ್ನ ಮೊಮ್ಮಗಳ ಬಾಳೇವು ಕೆಡಸಾಕ ಹೋಗಿದ್ದೆ ನಾ."

"ಬೈದ್ರ ರೊಟ್ಟಿ ಬಿಸಿ ಇರತಾವೇನು? ಕುಂದ್ರು."

"ನಿನ್ನ ಫೋನ್ ಎತ್ತಲಿಲ್ಲ. ನೀ ಕಳಿಸಿದ ಉಂಡಿ ಮಂದಿಗೆ ಹಂಚಿದೆ."

"ಗೊತ್ತೈತಿ. ನೀ ಬರತೀ ಅಂತ ನಾ ಕುಂತಿದ್ದೆ," ಎಂದು ದೊಡ್ಡವ್ವ ತಾಟು ಮುಂದಿಟ್ಟಳು.

ಏನನ್ನೂ ಕೊಡದೆ ಏನನ್ನೂ ತೆಗೆದುಕೊಂಡು ಗೊತ್ತಿಲ್ಲದ ಅವ್ವ ಆ ತಾಟಿನ ಮುಂದೆ ಕೂತು ಅಳತೊಡಗಿದಳು. ನರ್ಸಬಾಯಿ ತಟ್ಟನೆ ಮುಂದೆ ಬಂದು ಅವಳ ಎರಡೂ ಕೈ ಹಿಡಿದರು. ಸಮಾಧಾನ ಮಾಡುತ್ತಾರೆ ಎಂದುಕೊಂಡೆ. "ಅಳ್ರಿ, ಎಷ್ಟರ ಅಳ್ರಿ. ಕಣ್ಣ ಮಾತ್ರ ತಿಕ್ಕಬ್ಯಾಡ್ರಿ," ಎಂದರು ಅವರು. ಅವ್ವ ಕೈ ಕಟ್ಟಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ತವರಿನ ತಾಮ್ರದ ಹಂಡೆಯನ್ನು ಯಾರಿಗೋ ಕೊಟ್ಟುಬಿಡುವವಳ ಹಾಗೆ, ಬಹಳ ಕಷ್ಟದಿಂದ, "ನಿಂದೂ ಹೋಗ್ಲಿ, ಅಕ್ಕಾ" ಎಂದಳು. ನಾಲ್ಕು ರೊಟ್ಟಿ ತಿಂದಳು.

ಚಿಕ್ಕೇರೂರಿಗೆ ಮರಳುವ ಹಿಂದಿನ ದಿನ ಅವ್ವ ನರ್ಸಬಾಯಿಗೆ ಹೇಳಿದಳು: "ನಿಮ್ಮ ಮಾತಿನ್ಯಾಗ ಮೊದಲನೇದು ಒಪ್ಪೇನಿ, ಬಾಯಾರ. ಎಲ್ಲಾರೂ ಮಾಡ್ಯಾರ. ಎರಡನೇದು, ಬರೇ ನಂಬಿದ್ರ ಸಾಕು ಅಂತೀರಲ್ಲ, ಅದು ಇನ್ನೂ ಗಂಟಲದಾಗ ಇಳೀವಲ್ದು."

"ಅವಸರ ಇಲ್ರಿ," ಎಂದರು ನರ್ಸಬಾಯಿ. ಅವ್ವನಿಗೆ ಒಂದು ಹೊಸ ಸೀರೆ ತಂದಿದ್ದರು. ಅವ್ವ ಬೇಡ ಎನ್ನಲಿಲ್ಲ. ಅವಳು ತನ್ನ ಲಿಂಗಪೂಜೆ ಬಿಟ್ಟಿಲ್ಲ, ಅವರು ಬಿಡಲು ಹೇಳಿಯೂ ಇಲ್ಲ. ಆದರೆ ಈಗ ಊರಲ್ಲಿ ಯಾರಾದರೂ ಸಾಕ್ಷಿ ಕೇಳಲು ಬಂದರೆ, ಇನ್ನಿಬ್ಬರನ್ನು ಕೇಳಿ, ನಾನೂ ಸುಳ್ಳಾಡಿದವಳೇ ಎಂದು ಹೇಳಿ ಕಳಿಸುತ್ತಾಳಂತೆ. ಅಣ್ಣ ಫೋನಿನಲ್ಲಿ ತಕರಾರು ಮಾಡುತ್ತಾನೆ, ಇದರಿಂದ ಮನೆಯ ಮರ್ಯಾದೆ ಕಡಿಮೆಯಾಗುತ್ತಿದೆ ಎಂದು.

ನನ್ನದೊಂದು ಬಾಕಿ ಇತ್ತು. ಅವ್ವ ಎರಡು ಬಸ್ಸು ಬದಲಿಸಿ ಹೋಗಿ ಹೇಳಿದಳು; ನಾನು ಸವಣೂರಿನಲ್ಲೂ ದುಂಡಸಿಯಲ್ಲೂ ಅವಳ ಪಕ್ಕದಲ್ಲಿ ನಿಂತು ಒಂದು ಮಾತೂ ಆಡಿರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ ಎಂಬುದು ನಿಜ. ಮದುವೆಯ ಕರೆಯೋಲೆ ಕೊಡಲು ಆ ಹುಡುಗಿ ಹಾನಗಲ್ಲಿಗೆ ಬಂದಳು. ಅವಳನ್ನು ಕೂರಿಸಿ ಹೇಳಿದೆ. ಅವ್ವ ಆ ಸುಳ್ಳು ಹೇಳುವಾಗ ನಾನು ಬಾಗಿಲಲ್ಲೇ ಇದ್ದೆ, ಕೇಳಿಸಿಕೊಂಡೆ, ಸುಮ್ಮನಿದ್ದೆ ಎಂದೆ. ಅವಳ ಮುಖ ಸ್ವಲ್ಪ ಬದಲಾಯಿತು. ಸಣ್ಣ ಅಜ್ಜಿ, ಅಂದರೆ ನಮ್ಮವ್ವ, ಹೇಳಿದ ಸುಳ್ಳಿನ ಸುದ್ದಿ ಕೇಳಿ ನಕ್ಕಿದ್ದಳಂತೆ ಹುಡುಗಿ; ಇದಕ್ಕೆ ನಗಲಿಲ್ಲ. ಕರೆಯೋಲೆಯ ಅಂಚನ್ನು ಬೆರಳಲ್ಲಿ ಸವರುತ್ತ ಕೂತಳು. ಆಮೇಲೆ ಅದನ್ನು ನನ್ನ ಕೈಗಿಟ್ಟು, "ಅತ್ತಿ, ಮದವಿಗೆ ಎರಡು ದಿನಾ ಮೊದ್ಲಽ ಬರಬೇಕು ನೀವು" ಎಂದಳು.

ನಾನು ನಾಲ್ಕು ದಿನ ಮೊದಲೇ ಹೋದೆ.